ದೇವರಿಗೆ ಮೀಸಲಾದ ಬದುಕು ಮತ್ತು ದಿನನಿತ್ಯದ ವ್ಯವಹಾರ

ಪ್ರಶ್ನೆ: ಡೊಂಬಿವಲಿಯಲ್ಲಿ ವಾಸವಾಗಿರುವ ನಾನು ಭಿವಂಡಿಯ ಗೋದಾಮೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕಳೆದ ವರ್ಷ ನಮ್ಮ ಕನ್ನಡ ಕ್ರೈಸ್ತ ಸಭೆಯ ಉಪವಾಸ ಕೂಟದಲ್ಲಿ ನನ್ನನ್ನು ದೇವರಿಗೆ ಸಮರ್ಪಿಸಿಕೊಂಡೆ. ಅಂದಿನಿಂದ ಸಹೋದ್ಯೋಗಿಗಳೊಡನೆ ಊಟಕ್ಕೆ ಕೂರುವುದನ್ನೂ ಗಣೇಶೋತ್ಸವದ ಮೋದಕ ತೆಗೆದುಕೊಳ್ಳುವುದನ್ನೂ ಬಿಟ್ಟಿದ್ದೇನೆ. ವಾರದಲ್ಲಿ ನಾಲ್ಕು ಸಂಜೆ ಕೂಟಗಳಿರುವುದರಿಂದ ಅತ್ತೆಯವರನ್ನು ಫಿಸಿಯೋಥೆರಪಿಗೆ ಕರೆದೊಯ್ಯಲಾಗುತ್ತಿಲ್ಲವೆಂದು ಮನೆಯವರಿಗೆ ಬೇಸರ. ಮಾಲೀಕರು ಹೇಳಿದಾಗ ಹಿಂದಿನ ತಾರೀಖು ಹಾಕಿ ಬಿಲ್ಲು ಬರೆದುಕೊಡುವುದು ಮಾತ್ರ ಇನ್ನೂ ನಡೆದೇ ಇದೆ. ಲೋಕದಿಂದ ಬೇರ್ಪಟ್ಟು ಬಾಳುವುದು ಹೇಗೆ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಸಹೋದರಿಯವರೇ, ನೀವು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ ಬಿಲ್ಲಿನ ವಿಷಯವನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ದೇವರು ಪರಿಶುದ್ಧನಾಗಿರುವುದರಿಂದ ಆತನ ಜನರೂ ಪರಿಶುದ್ಧರಾಗಿರಬೇಕೆಂಬ ಆಜ್ಞೆಯೊಂದಿಗೆ ತೊಡಗುವ, ಬೈಬಲಿನ ಯಾಜಕಕಾಂಡದ 19ನೇ ಅಧ್ಯಾಯವನ್ನು ಒಮ್ಮೆ ಪೂರ್ತಿಯಾಗಿ ಓದಿರಿ. ಹೊಲದ ಅಂಚಿನ ಪೈರನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು, ಕೂಲಿಯವನ ಕೂಲಿಯನ್ನು ಮರುದಿನದವರೆಗೆ ಇಟ್ಟುಕೊಳ್ಳಬಾರದು, ತಕ್ಕಡಿಯೂ ತೂಕದ ಕಲ್ಲೂ ನ್ಯಾಯವಾಗಿರಬೇಕು ಎಂದು ಅಲ್ಲಿ ಹೇಳಿದೆ. ಹಿಂದಿನ ತಾರೀಖಿನ ಬಿಲ್ಲು ಕಳ್ಳ ತೂಕದ ಕಲ್ಲಿಗೆ ಸಮಾನವೇ. ಇನ್ನು ಮುಂದೆ ಸರಕು ಹೊರಟ ದಿನದ ತಾರೀಖನ್ನೇ ಬರೆಯುತ್ತೇನೆಂದು ಮಾಲೀಕರಿಗೆ, ಇತರರ ಎದುರಿನಲ್ಲಲ್ಲದೆ, ವಿನಯದಿಂದ ತಿಳಿಸಿರಿ. ಇದರಿಂದ ಕೆಲಸಕ್ಕೆ ಕುತ್ತು ಬರಬಹುದೆಂಬುದನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಹಾಗಾದಲ್ಲಿ ಬೇರೆ ಕೆಲಸ ಹುಡುಕಲು ಸಭೆಯವರ ನೆರವನ್ನು ಸಂಕೋಚವಿಲ್ಲದೆ ಕೇಳಿರಿ. ಪ್ರಾರ್ಥನೆಗೆ ಕೂಡುವವರು ಇಂಥದ್ದಕ್ಕೂ ಒದಗಬೇಕಲ್ಲವೆ?

ಊಟದ ವಿಷಯದಲ್ಲಿ ನೀವು ಎರಡು ಸಂಗತಿಗಳನ್ನು ಬೆರೆಸಿದ್ದೀರಿ. ಅವಿಶ್ವಾಸಿಯೊಬ್ಬನು ಊಟಕ್ಕೆ ಕರೆದರೆ ಬಡಿಸಿದ್ದನ್ನು ವಿಚಾರಿಸದೆ ಊಟಮಾಡಬಹುದು, ಇದು ವಿಗ್ರಹಕ್ಕೆ ಅರ್ಪಿಸಿದ್ದೆಂದು ಯಾರಾದರೂ ಹೇಳಿದರೆ ಹೇಳಿದವನ ಮನಸ್ಸಾಕ್ಷಿಯ ನಿಮಿತ್ತ ಬಿಡಬೇಕು ಎಂದು ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 10ನೇ ಅಧ್ಯಾಯದಲ್ಲಿ ತಿಳಿಸಿದ್ದಾನೆ. ಆದ್ದರಿಂದ ನೈವೇದ್ಯದ ಮೋದಕವನ್ನು ಮುಖ ಸಿಂಡರಿಸದೆ, ಎರಡು ಒಳ್ಳೆಯ ಮಾತಾಡಿ ನಿರಾಕರಿಸಬಹುದು. ಆದರೆ ಮಧ್ಯಾಹ್ನ ಡಬ್ಬಿ ಬಿಚ್ಚಿ, ಪಕ್ಕದವರ ಭಾಕರಿ, ಉಸಳಿಯನ್ನು ಹಂಚಿಕೊಂಡು ತಿನ್ನುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಕರ್ತನಾದ ಯೇಸು ತನ್ನವರನ್ನು ಲೋಕದೊಳಗಿಂದ ತೆಗೆದುಕೊಳ್ಳಬೇಕೆಂದು ಬೇಡಿಕೊಳ್ಳದೆ, ಕೆಡುಕನಿಂದ ಕಾಪಾಡಬೇಕೆಂದು ಬೇಡಿಕೊಂಡನೆಂಬುದು ಯೋಹಾನನ ಸುವಾರ್ತೆಯ 17ನೇ ಅಧ್ಯಾಯದಲ್ಲಿದೆ.

ಅತ್ತೆಯವರ ಸಂಗತಿ ಇವೆಲ್ಲಕ್ಕಿಂತ ಗಂಭೀರವಾದುದು. ತಂದೆತಾಯಿಗಳಿಗೆ ಸಲ್ಲಬೇಕಾದುದನ್ನು ಕೊರ್ಬಾನ್, ಅಂದರೆ ದೇವರಿಗೆ ಅರ್ಪಿತವಾದದ್ದು ಎಂದು ಹೇಳಿ ಕೈತೊಳೆದುಕೊಳ್ಳಲು ಅವಕಾಶ ಕೊಟ್ಟವರನ್ನು ಯೇಸು ಎಷ್ಟು ಕಟುವಾಗಿ ಖಂಡಿಸಿದನೆಂಬುದನ್ನು ಮಾರ್ಕನ 7ನೇ ಅಧ್ಯಾಯದಲ್ಲಿ ನೋಡಬಹುದು. ದೇವರ ಹೆಸರಿನಲ್ಲಿ ತೆಗೆದಿಟ್ಟ ಸಂಜೆಯೂ ಹಾಗೆ ಕೊರ್ಬಾನ್ ಆಗಿಬಿಡಬಹುದು. (ಭಿವಂಡಿಯಿಂದ ಡೊಂಬಿವಲಿ ಮುಟ್ಟಿದ ಮೇಲೆ ಒಬ್ಬ ಗೃಹಿಣಿಗೆ ಎಷ್ಟು ಸಂಜೆ ಉಳಿಯುತ್ತದೆಂಬುದನ್ನು ಕೂಟಗಳ ದಿನ ಗೊತ್ತುಮಾಡುವ ನಮ್ಮ ಸಭಾಪಾಲಕರೂ ಯೋಚಿಸಬೇಕು.) ಮಹಾಯಾಜಕನ ಮುಂಡಾಸದ ಚಿನ್ನದ ಪಟ್ಟಿಯ ಮೇಲಿದ್ದ ‘ಯೆಹೋವನಿಗೆ ಮೀಸಲು’ ಎಂಬ ಬರಹವೇ ಕುದುರೆಗಳ ಗೆಜ್ಜೆಗಳ ಮೇಲೂ ಕಾಣುವುದೆಂದು, ಯೆರೂಸಲೇಮಿನ ಅಡುಗೆಯ ಪಾತ್ರೆಗಳೂ ಪರಿಶುದ್ಧವಾಗುವುವೆಂದು ಪ್ರವಾದಿ ಜೆಕರ್ಯನ ಗ್ರಂಥದ ಕೊನೆಯ ಅಧ್ಯಾಯ ಹೇಳುತ್ತದೆ, ಹಾಗಿರುವಾಗ ಅತ್ತೆಯವರ ಕೈಹಿಡಿದು ಆಸ್ಪತ್ರೆಯ ಮೆಟ್ಟಿಲು ಹತ್ತಿಸುವುದು ಸಮರ್ಪಣೆಯ ಹೊರಗಿನ ಕೆಲಸವೆಂದು ಎಣಿಸಲು ಕಾರಣವೇ ಇಲ್ಲ. ನಾಲ್ಕು ಸಂಜೆಗಳಲ್ಲಿ ಎರಡನ್ನು ಈ ವಾರದಿಂದಲೇ ಅವರಿಗೆ ಕೊಡಿರಿ, ಕಾರಣವನ್ನು ಕೂಟದ ಮುಖ್ಯಸ್ಥರಿಗೆ ಮುಚ್ಚುಮರೆಯಿಲ್ಲದೆ ಹೇಳಿರಿ.