ಉತಾರದ ಮೇಲೆ ಬೋಜಾ ಏರಿಸುವ ಮೊದಲು

ಸಿಂದಗಿ ತಾಲ್ಲೂಕಿನ ಓದುಗಿಯೊಬ್ಬಳ ಪತ್ರ ಮೂರು ವಾರದಿಂದ ನನ್ನ ಮೇಜಿನ ಮೇಲಿದೆ. ಹೆಸರು ಹಾಕಬೇಡಿ ಎಂದಿದ್ದಾಳೆ, ಹಾಕುವುದಿಲ್ಲ. ಪತ್ರದ ಮುಖ್ಯ ಭಾಗ ಇಷ್ಟು:

“ಚಿಕ್ಕಂದಿನಿಂದ ದನದ ಡಾಕ್ಟರ್ ಆಗಬೇಕು ಅಂತ ಆಸೆ. ಈ ವರ್ಷ ಸರ್ಕಾರಿ ಸೀಟು ಸಿಗಲಿಲ್ಲ. ಕಾಗದಪತ್ರ ಟೈಮಿಗೆ ಆಗದೆ ಕೃಷಿಕರ ಕೋಟಾದ ಪ್ರಾಯೋಗಿಕ ಪರೀಕ್ಷೆಯೂ ತಪ್ಪಿತು. ರಾಜಸ್ಥಾನದ ಖಾಸಗಿ ಕಾಲೇಜಿನಲ್ಲಿ ಸೀಟು ಕೊಡಿಸುತ್ತೇನೆ ಅಂತ ಒಬ್ಬರು ಬಂದಿದ್ದಾರೆ. ಎಲ್ಲ ಸೇರಿ 15 ಲಕ್ಷ. ಎರಡು ಎಕರೆ ಅಡವಿಟ್ಟು ಸಾಲ ತೆಗೆಯೋಣ ಅಂತಾರೆ ಅಪ್ಪ. ಅವ್ವ ಬ್ಯಾಡ ಅಂತಾಳೆ. ನೀವೇನಂತೀರಿ?”

ತಂಗಿ, ನಾನು ನಿಮ್ಮ ಅವ್ವನ ಕಡೆ.

ಅಪ್ಪನ ಮಾತಿನಲ್ಲೂ ಹುರುಳಿದೆ. ನೀರು ಬೀಳದ ಬೋರಿಗೆ ಸಾಲ ಮಾಡುತ್ತೇವೆ, ಮಗಳ ಓದಿಗೆ ಯಾಕೆ ಮಾಡಬಾರದು? ಮನೆಯ ಆದಾಯ ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗಿದ್ದರೆ ಓದುವಷ್ಟು ಕಾಲದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆಯೂ ಇದೆ. ಎಲ್ಲ ಕಾಲೇಜಿಗೂ ಅದು ಅನ್ವಯಿಸುವುದಿಲ್ಲ, ಅದನ್ನು ಕೇಳಿಕೊಳ್ಳಬೇಕು. ಆ ಕಾಲೇಜಿಗೆ ಭಾರತೀಯ ಪಶುವೈದ್ಯಕೀಯ ಪರಿಷತ್ತಿನ ಮಾನ್ಯತೆ ಇದೆಯಾ ಅಂತ ಮಾತ್ರ ಇವತ್ತೇ ನೋಡು. ಅದಿಲ್ಲದ ಪದವಿ ಹಿಡಿದು ಒಂದು ಕುರಿಗೂ ಸೂಜಿ ಹಾಕುವಂತಿಲ್ಲ. ಅಪ್ಪನ ಪರವಾಗಿ ನಾನು ಹೇಳುವುದು ಇಷ್ಟೇ.

ಇನ್ನು ಲೆಕ್ಕ. ಪೆನ್ಸಿಲ್ ಹಿಡಿದು ಕೂತಿದ್ದೇನೆ, ನೀನೂ ಹಿಡಿ. ಈ ಪದವಿ ಐದೂವರೆ ವರ್ಷದ್ದು, ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ವರ್ಷಕ್ಕೆ 3 ಲಕ್ಷದಂತೆ ಐದು ವರ್ಷ ಸಾಲ ಎತ್ತುತ್ತೀ ಅಂದುಕೋ. ಬಡ್ಡಿ 10 ಪರ್ಸೆಂಟ್ ಹಿಡಿಯೋಣ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ನಿಲ್ಲುವುದಿಲ್ಲ. ಆರೂವರೆ ವರ್ಷದಲ್ಲಿ ಬರೀ ಸರಳ ಬಡ್ಡಿಯೇ 6.75 ಲಕ್ಷ ಆಗುತ್ತದೆ. ಮೊದಲ ಕಂತು ಕಟ್ಟುವ ದಿನ ನಿನ್ನ ತಲೆಯ ಮೇಲೆ 21.75 ಲಕ್ಷ. ಹದಿನೈದು ವರ್ಷಕ್ಕೆ ಹಂಚಿದರೂ ತಿಂಗಳಿಗೆ ಸುಮಾರು 23,400 ರೂಪಾಯಿ. ಕೊನೆಗೆ ಬ್ಯಾಂಕಿಗೆ ಹೋಗುವುದು ಹತ್ತಿರ ಹತ್ತಿರ 42 ಲಕ್ಷ. ಏಳೂವರೆ ಲಕ್ಷ ದಾಟಿದ ಸಾಲಕ್ಕೆ ಬ್ಯಾಂಕಿನವರು ಸಾಮಾನ್ಯವಾಗಿ ಆಸ್ತಿ ಅಡವು ಕೇಳುತ್ತಾರೆ. ಅಲ್ಲಿಗೆ ಉತಾರದ (ಪಹಣಿಯ) ಮೇಲೆ ಬೋಜಾ, ಅಂದರೆ ಸಾಲದ ಹೊರೆ, ಕೂತ ಹಾಗೆ.

ದುಡ್ಡು ಹೇಗೋ ತೀರುತ್ತದೆ ಅಂತೀಯೇನೋ. ತೀರಬಹುದು. ನನ್ನ ಚಿಂತೆ ಬೇರೆ. ತಿಂಗಳಿಗೆ 23,400 ಕಟ್ಟಬೇಕಾದ ಡಾಕ್ಟರ್ ಯಾವ ಊರಲ್ಲಿ ಕೆಲಸ ಮಾಡುತ್ತಾಳೆ? ಅದನ್ನು ಸಾಲವೇ ತೀರ್ಮಾನ ಮಾಡುತ್ತದೆ, ನೀನಲ್ಲ.

ನನ್ನ ಗೆಳೆಯನೊಬ್ಬ ಇಂಡಿ ಕಡೆಯವನು. ಮಗನನ್ನು ಹೀಗೇ ಸಾಲ ಮಾಡಿ ಓದಿಸಿದ. ಹುಡುಗ ಬುದ್ಧಿವಂತ, ಈಗ ಪುಣೆಯ ಕ್ಲಿನಿಕ್ ಒಂದರಲ್ಲಿದ್ದಾನೆ. ಹೋದ ಮಳೆಗಾಲದಲ್ಲಿ ಗೆಳೆಯನ ಎಮ್ಮೆ ಈಯಲಾರದೆ ನಡುರಾತ್ರಿ ಒದ್ದಾಡಿತು. ಕರುವಿನ ಒಂದು ಕಾಲು ಹೊರಗೆ, ಇನ್ನೊಂದು ಒಳಗೆ ಮಡಚಿಕೊಂಡಿತ್ತು. ಮಗನಿಗೆ ವಿಡಿಯೊ ಕಾಲ್ ಮಾಡಿದರು. ಅವನು ಅಲ್ಲಿಂದ ಕೈ ಆಡಿಸಿ ತೋರಿಸಿದ, ಇವರು ಮೊಬೈಲ್ ಟಾರ್ಚಿನಲ್ಲಿ ತಡಕಾಡಿದರು. ಎಮ್ಮೆ ಉಳಿಯಿತು, ಕರು ಉಳಿಯಲಿಲ್ಲ. “ಹೊಲ ಅಡವಿಟ್ಟು ಪುಣೆಯ ನಾಯಿಗಳಿಗೆ ಡಾಕ್ಟರ್ ಕೊಟ್ಟೆ ನೋಡು” ಅಂದ ಗೆಳೆಯ. ನಗುತ್ತಲೇ ಅಂದ.

ನಾಯಿಗಳ ಮೇಲೆ ನನಗೆ ತಕರಾರಿಲ್ಲ. ನಮ್ಮ ಮುಧೋಳದ ನಾಯಿ ಸೈನ್ಯದವರೆಗೂ ಹೋಗಿದೆ, ತಿಮ್ಮಾಪುರದಲ್ಲಿ ಅದಕ್ಕೊಂದು ಸಂಶೋಧನಾ ಕೇಂದ್ರವೇ ಇದೆ. ಅದೇ ಸೀಮೆಯ ಕೃಷ್ಣಾ ಕಣಿವೆ ಎತ್ತನ್ನು ಮಾತ್ರ ಈಗ ಹುಡುಕಿ ನೋಡಬೇಕು.

ನಾನು ಹುಡುಗನಿದ್ದಾಗಿನ ಮಾತು. ಜೋಳ ಕೊಯ್ದ ಮೇಲೆ ಎರಡು ಹನಿ ಮಳೆ ಬಿತ್ತು, ಕೂಳೆ ಚಿಗುರಿತು. ನಮ್ಮ ಕಿಲಾರಿ ಜೋಡಿ ಹಗ್ಗ ಬಿಚ್ಚಿಕೊಂಡು ಹೋಗಿ ಮೇಯ್ದವು. ಎಳೆ ಜೋಳದ ಕುಡಿಯಲ್ಲಿ ಸೈನೈಡ್ ವಿಷ ಇರುತ್ತದೆ. ಅರ್ಧ ತಾಸಿನಲ್ಲಿ ಒಂದೆತ್ತು ಬಾಯಿ ತೆರೆದು ಉಸಿರಿಗೆ ಒದ್ದಾಡಿ ಬಿದ್ದೇ ಹೋಯಿತು. ಎರಡನೆಯದು ನಡುಗುತ್ತಾ ಮಂಡಿಯೂರಿತ್ತು. ಆಗ ಡಾಕ್ಟರ್ ಸಾಹೇಬರು ಬಂದರು. ಅವರು ಇದ್ದದ್ದು ನಮ್ಮೂರಲ್ಲೇ, ಗುಡಿಯ ಹಿಂದಿನ ಬಾಡಿಗೆ ಮನೆಯಲ್ಲಿ. ರಾಜದೂತ್ ಗಾಡಿಯ ಸ್ಟ್ಯಾಂಡ್ ಹಾಕುವಷ್ಟೂ ಪುರುಸೊತ್ತಿಲ್ಲದೆ ಅದನ್ನು ಹಾಗೇ ಕೆಡವಿ ಓಡಿ ಬಂದಿದ್ದರು. ಅಜ್ಜಿ ಕಂದೀಲು ಹಿಡಿದಳು. ಅವರು ಎತ್ತಿನ ಕುತ್ತಿಗೆಯ ನರ ಒತ್ತಿ ಹಿಡಿದು ಹೈಪೊ ಔಷಧಿಯನ್ನು ಏರಿಸಿದರು. ಬೆಳಗ್ಗೆ ಎತ್ತು ಎದ್ದು ನೀರು ಕುಡಿಯಿತು. ಆ ಡಾಕ್ಟರು ಮೂರು ಹಳ್ಳಿ ದೂರ ಇದ್ದಿದ್ದರೆ ಜೋಡಿಗೆ ಜೋಡಿಯೇ ಹೋಗುತ್ತಿತ್ತು. ಅವರ ಸಂಬಳ ಕಮ್ಮಿ ಇತ್ತು, ಆದರೆ ಸಾಲ ಇರಲಿಲ್ಲ. ಅದಕ್ಕೇ ನಮ್ಮೂರಲ್ಲಿ ಇರಲು ಆಯಿತು.

5,000 ಜಾನುವಾರು ಘಟಕಕ್ಕೆ (ದನ, ಕುರಿಗಳನ್ನೆಲ್ಲ ಒಂದೇ ಅಳತೆಗೆ ತಂದು ಎಣಿಸುವ ಲೆಕ್ಕ) ಒಬ್ಬ ಪಶುವೈದ್ಯ ಬೇಕು ಎಂದು ರಾಷ್ಟ್ರೀಯ ಕೃಷಿ ಆಯೋಗ ಹೇಳಿದ್ದು 1976ರಲ್ಲಿ. ಅಷ್ಟು ಹಳೆಯ ಮಾತು. ಇವತ್ತಿಗೂ ಎಷ್ಟೋ ಹಳ್ಳಿಯ ಪಶು ಆಸ್ಪತ್ರೆಗಳಲ್ಲಿ ಬಾಗಿಲು ತೆಗೆಯುವುದು ಜವಾನ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಮೈತುಂಬ ಗಂಟು ಎದ್ದ ದನಕ್ಕೆ ಜನ ಬೇವಿನ ಸೊಪ್ಪು, ಅರಿಶಿನ ಬಳಿದು ಕೂತದ್ದು ನೀನೂ ನೋಡಿರುತ್ತೀ. 1962ಕ್ಕೆ ಫೋನ್ ಮಾಡಿದರೆ ಪಶು ಆಂಬ್ಯುಲೆನ್ಸ್ ಬರುತ್ತದೆ, ಒಳ್ಳೆಯದೇ. ಆದರೆ ಗಾಡಿ ಬರುವವರೆಗೆ ಸೈನೈಡ್ ಕಾಯುತ್ತದೆಯೇ?

ಅಮೆರಿಕದಲ್ಲಿ ಈ ಓದಿನ ಸಾಲ ಲಕ್ಷ ಡಾಲರ್ ದಾಟುವುದು ಮಾಮೂಲು. ಅಲ್ಲಿಯ ಕೃಷಿ ಇಲಾಖೆ ಒಂದು ಉಪಾಯ ಮಾಡಿದೆ. ವೈದ್ಯರ ಕೊರತೆ ಇರುವ ಕಡೆ ಮೂರು ವರ್ಷ ದುಡಿಯಲು ಒಪ್ಪಿದವರಲ್ಲಿ ಆಯ್ಕೆಯಾದವರ ಸಾಲದ ಒಂದು ಪಾಲನ್ನು ತಾನೇ ತೀರಿಸುತ್ತದೆ. ನಮ್ಮಲ್ಲೂ ಹಾಗೆ ಮಾಡಿ ಅಂತ ನಾನು ಬರೆಯುತ್ತಲೇ ಇದ್ದೇನೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಗೆ ಹೋಗಿ ನೋಡು, ಎತ್ತು ಕಟ್ಟುವ ಜಾಗದ ಪಕ್ಕದಲ್ಲೇ ಟ್ರ್ಯಾಕ್ಟರ್ ಸಾಲಕ್ಕೆ ಕರೆಕರೆದು ಫಾರ್ಮ್ ತುಂಬಿಸುತ್ತಾರೆ. ಎತ್ತಿನ ಡಾಕ್ಟರ್ ಆಗುತ್ತೇನೆ ಅನ್ನುವ ಹುಡುಗಿ ಬ್ಯಾಂಕಿಗೆ ಹೋದರೆ ನಾಳೆ ಬಾ ಅಂತಾರೆ.

ಇರಲಿ. ಈಗ ನಿನಗೆ ಸ್ವಲ್ಪ ಬೈಯಬೇಕು. ಕಾಗದಪತ್ರ ಟೈಮಿಗೆ ಆಗಲಿಲ್ಲ ಅಂದರೇನು? ಬಿಳಿಜೋಳ ಯಾವುದು, ಕುಸುಬೆ ಯಾವುದು, ಎಮ್ಮೆಯ ಮುಂದೆ ಯಾವ ಮೇವು ಹಾಕಬೇಕು ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುವವಳು ನೀನು. ಕೃಷಿಕರ ಕೋಟಾ ಅನ್ನುವುದು ನಿನ್ನಂಥ ರೈತರ ಮಕ್ಕಳಿಗೆಂದೇ ಇರುವ ಬಾಗಿಲು. ಅದನ್ನು ಬಿಟ್ಟು ರಾಜಸ್ಥಾನದ ಬಾಗಿಲು ಬಡಿಯುತ್ತೀಯಲ್ಲ! ಒಂದು ವರ್ಷ ನಿಲ್ಲು. ಮತ್ತೆ ಪರೀಕ್ಷೆ ಬರಿ. ಬೀದರ್, ಗದಗದ ಪಶುವೈದ್ಯ ಕಾಲೇಜುಗಳು ನಮಗೇನು ದೂರವಲ್ಲ. ಸರ್ಕಾರಿ ಸೀಟಿಗೂ ಸಾಲ ಬೇಕಾದರೆ ಬ್ಯಾಂಕಿನವರು 4 ಲಕ್ಷದವರೆಗೆ ಅಡವಿಲ್ಲದೆ ಕೊಡುತ್ತಾರೆ. ದೇವರಾಜ ಅರಸು ಹಿಂದುಳಿದ ವರ್ಗಗಳ ನಿಗಮದ ‘ಅರಿವು’ ಸಾಲದ ಬಡ್ಡಿ 2 ಪರ್ಸೆಂಟ್, ನಿಮಗೆ ಅನ್ವಯಿಸುತ್ತದಾ ವಿಚಾರಿಸು. ಅಂಥ ಸಾಲಕ್ಕೆ ನಿಮ್ಮ ಅವ್ವನೂ ಬೇಡ ಅನ್ನಲಿಕ್ಕಿಲ್ಲ.

ವರ್ಷ ಹಾಳಾಗುತ್ತದೆ ಅಂತ ಓಣಿಯವರು ಅನ್ನುತ್ತಾರೆ, ಅನ್ನಲಿ ಬಿಡು. ಬಿಡುವಿದ್ದಾಗ ನಿಮ್ಮ ಹೋಬಳಿಯ ಪಶು ಆಸ್ಪತ್ರೆಯಲ್ಲಿ ಕೇಳಿಕೊಂಡು ವಾರಕ್ಕೆರಡು ದಿನ ನಿಂತು ನೋಡು. ಸಗಣಿ, ರಕ್ತ, ಒದೆ ಎಲ್ಲ ಆದ ಮೇಲೂ ಆಸೆ ಉಳಿದಿದ್ದರೆ ನನಗೊಂದು ಕಾರ್ಡು ಬರಿ. ಕೃಷಿಕರ ಕೋಟಾದ ಕಾಗದಗಳನ್ನು ದೀಪಾವಳಿಯೊಳಗೆ ಮಾಡಿಸಿಡು, ಕೊನೆಯ ವಾರದಲ್ಲಿ ನಾಡಕಚೇರಿಯ ಸರ್ವರ್ ಮಲಗಿರುತ್ತದೆ.

– ಸಂ.