ಹೆದ್ದಾರಿ ನಂಬರ್ ಯಾಕೆ ಬದಲಾಯಿಸುತ್ತಾರೆ? ಗಾಡಿ ಓಡಿಸುವವರಿಗೆ ಏನು ತೊಂದರೆ?

ನೆಲಮಂಗಲದಲ್ಲಿ ರಸ್ತೆ ಕವಲಾಗುವ ಜಾಗ ನೋಡಿದ್ದೀರಲ್ವಾ? ಅಲ್ಲಿಂದ ಕುಣಿಗಲ್, ಹಾಸನ ದಾಟಿ ಮಂಗಳೂರಿಗೆ ಹೋಗುವ ರಸ್ತೆ ಮೊದಲು ಎನ್‌ಎಚ್ 48 ಆಗಿತ್ತು. ತುಮಕೂರು, ಹುಬ್ಬಳ್ಳಿ ಕಡೆಯದು ಎನ್‌ಎಚ್ 4. ಈಗ ಮಂಗಳೂರು ಕಡೆಯದು 75, ಹುಬ್ಬಳ್ಳಿ ಕಡೆಯದು 48. ಹಳೇ ನಂಬರ್ ಪಕ್ಕದ ರಸ್ತೆಗೇ ಬಂದು ಕೂತಿದೆ! ಗೊಂದಲ ಜಾಸ್ತಿ ಆಗಿದ್ದು ಇದರಿಂದಲೇ.

ಹಾಗಂತ ಸುಮ್ನೆ ಬದಲಾಯಿಸಿದ್ದಲ್ಲ. ಹಳೇ ನಂಬರ್ ನೋಡಿದರೆ ರಸ್ತೆ ಯಾವ ದಿಕ್ಕಿನದು ಅಂತ ತಿಳಿಯುತ್ತಿರಲಿಲ್ಲ. 2010ರಲ್ಲಿ ಕೇಂದ್ರ ಸರ್ಕಾರ ಹೊಸ ಕ್ರಮ ತಂದಿತು. ಉತ್ತರ-ದಕ್ಷಿಣ ರಸ್ತೆಗೆ ಸಮಸಂಖ್ಯೆ, ಪೂರ್ವದಿಂದ ಪಶ್ಚಿಮಕ್ಕೆ ಹೋದಂತೆ ಅದು ಏರುತ್ತದೆ. ಕರಾವಳಿಯ ಹಳೇ 17 ಈಗ 66 ಆಗಿದ್ದು ಹೀಗೆ. ಪೂರ್ವ-ಪಶ್ಚಿಮ ರಸ್ತೆಗೆ ಬೆಸಸಂಖ್ಯೆ, ಉತ್ತರದಿಂದ ದಕ್ಷಿಣಕ್ಕೆ ಏರುತ್ತದೆ. ಮೂರಂಕಿ ಇದ್ದರೆ ಕವಲು ರಸ್ತೆ. 169 ಎಂದರೆ 69ರ ಕವಲು. ನನಗಂತೂ ಈ ಲೆಕ್ಕ ತುಂಬಾ ಇಷ್ಟ.

ಗಾಡಿ ದಾಖಲೆಗೆ ಇದರಿಂದ ಏನೂ ಆಗುವುದಿಲ್ಲ. ತೊಂದರೆ ಬರುವುದು ದಾರಿ ಕೇಳುವಾಗ. ಹಳೇ ಲಾರಿ ಡ್ರೈವರ್‌ಗಳು ಈಗಲೂ ‘ಎನ್‌ಎಚ್ ಫೋರ್’ ಅಂತಾರೆ, ಮೊಬೈಲ್ ಮ್ಯಾಪ್ 48 ಎನ್ನುತ್ತದೆ. ಅಪಘಾತವಾಗಿ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡುವಾಗ ಹೀಗಾದರೆ ನಿಜಕ್ಕೂ ಅಪಾಯ. ಆಗ ನಂಬರ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ಹತ್ತಿರದ ಊರು, ಕಿಲೋಮೀಟರ್ ಕಲ್ಲಿನ ಮೇಲಿರುವ ಅಂಕಿ, ಯಾವ ಕಡೆಗೆ ಹೊರಟಿದ್ದಿರಿ ಎಂಬುದನ್ನೂ ಹೇಳಿ.