ಒಂದು ಕಂಪ್ಯೂಟರ್, ಮೂರು ಶಾಲೆ

ಪ್ರಶ್ನೆ: ನಮ್ಮ ಸಂಘಕ್ಕೆ ಒಂದೇ ಕಟ್ಟಡದಲ್ಲಿ ಕನ್ನಡ ಮಾಧ್ಯಮ ಶಾಲೆ, ಇಂಗ್ಲಿಷ್ ಮಾಧ್ಯಮ ಶಾಲೆ, ರಾತ್ರಿ ಶಾಲೆ ಇವೆ. ಆಫೀಸಿಗೆ ಸಾಫ್ಟ್‌ವೇರ್ ಒಂದೇ. ಕನ್ನಡ ಶಾಲೆಯ ಡೇಟಾ ಫೋಲ್ಡರನ್ನು ಎರಡು ಸಲ ಕಾಪಿ ಮಾಡಿ, ಹೆಸರು ಬದಲಿಸಿ ಬಳಸುತ್ತಿದ್ದೇವೆ. ರಾತ್ರಿ ಶಾಲೆಯ ಫೀ ರಸೀದಿಯಲ್ಲಿ ಕನ್ನಡ ಶಾಲೆಯ ಹೆಸರು ಬರುತ್ತಿದೆ. ಏನು ಮಾಡಲಿ?
– ಶಾಲಾ ಗುಮಾಸ್ತೆ, ಡೊಂಬಿವಲಿ

ಉತ್ತರ: ಫೋಲ್ಡರಿನ ಹೆಸರು ಬದಲಿಸಿದ ಮಾತ್ರಕ್ಕೆ ಒಳಗಿರುವ ಶಾಲೆ ಬದಲಾಗದು. ಶಾಲೆಯ ಹೆಸರು, ಯುಡೈಸ್ ಸಂಖ್ಯೆ (ಸರ್ಕಾರ ಪ್ರತಿ ಶಾಲೆಗೂ ಕೊಡುವ ಗುರುತು ಸಂಖ್ಯೆ), ಜಿ.ಆರ್. ನಂಬರ್ (ಜನರಲ್ ರಿಜಿಸ್ಟರಿನಲ್ಲಿ ಮಗುವಿನ ದಾಖಲಾತಿ ನಂಬರ್), ಕೊನೆಯ ರಸೀದಿ ನಂಬರ್ ಎಲ್ಲ ಇರುವುದು ಡೇಟಾಬೇಸ್ ಫೈಲಿನೊಳಗೆ. ಕಾಪಿಯ ಜೊತೆ ಅವೂ ಬಂದಿವೆ, ಕನ್ನಡ ಶಾಲೆಯ ಮಕ್ಕಳೂ ಬಂದಿದ್ದಾರೆ. ಇನ್ನೊಂದು ಸಾಧ್ಯತೆಯೂ ಇದೆ: ಫೋಲ್ಡರ್ ಮೂರಾದರೂ ಸಾಫ್ಟ್‌ವೇರ್ ಇನ್ನೂ ಹಳೆಯದನ್ನೇ ತೆರೆಯುತ್ತಿರಬಹುದು. ಪರೀಕ್ಷೆ ಸುಲಭ. ರಾತ್ರಿ ಶಾಲೆಯಲ್ಲಿ ಒಬ್ಬ ವಿದ್ಯಾರ್ಥಿಯ ವಿಳಾಸ ತಿದ್ದಿ ಸೇವ್ ಮಾಡಿ, ಸಾಫ್ಟ್‌ವೇರ್ ಮುಚ್ಚಿ, ಮೂರೂ ಫೋಲ್ಡರಿನ ಫೈಲುಗಳಲ್ಲಿ ಯಾವುದರ ಸಮಯ ಬದಲಾಗಿದೆ ನೋಡಿ.

ಇದುವರೆಗೆ ತುಂಬಿದ್ದನ್ನು ಅಳಿಸಬೇಡಿ. ಮೂರನ್ನೂ ಮೊದಲು ಹೊರಗಿನ ಡಿಸ್ಕಿಗೆ ತೆಗೆದಿಟ್ಟು, ನಂತರ ಡಿ ಡ್ರೈವಿನಲ್ಲಿ ಹೊಸದಾಗಿ ಶುರುಮಾಡಿ. ಸಿ ಡ್ರೈವಿನ ಪ್ರೋಗ್ರಾಂ ಫೈಲ್ಸ್ ಒಳಗೆ ಡೇಟಾ ಇಡಲೇಬಾರದು. ಅಲ್ಲಿ ಬರೆಯಲು ವಿಂಡೋಸ್ ಬಿಡುವುದಿಲ್ಲ; ಹಳೆಯ ಸಾಫ್ಟ್‌ವೇರ್ ಬರೆದದ್ದನ್ನು ಸದ್ದಿಲ್ಲದೆ ಆಯಾ ಬಳಕೆದಾರರ ವರ್ಚುವಲ್‌ಸ್ಟೋರ್ ಎಂಬ ಪ್ರತ್ಯೇಕ ಫೋಲ್ಡರಿಗೆ ತಳ್ಳುತ್ತದೆ. ಬೆಳಗಿನವರು ತುಂಬಿದ ಫೀ ಬೇರೆ ಲಾಗಿನ್‌ನಲ್ಲಿ ಕೂತ ಸಂಜೆಯವರಿಗೆ ಕಾಣದಿರಲು ಎಷ್ಟೋ ಕಡೆ ಇದೇ ಕಾರಣ.

ಫೋಲ್ಡರಿನ ಹೆಸರು ಚಿಕ್ಕದಾಗಿ, ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಇರಲಿ. ಕನ್ನಡ ಅಕ್ಷರದ ಹೆಸರನ್ನು ಹಳೆಯ ಸಾಫ್ಟ್‌ವೇರ್ ಓದದೆ ತಡವರಿಸುತ್ತದೆ. ಪ್ರತಿ ಶಾಲೆಯ ಡೇಟಾವನ್ನೂ ಸಾಫ್ಟ್‌ವೇರಿನ 'ಹೊಸ ಶಾಲೆ' ಆಯ್ಕೆಯಿಂದಲೇ ಖಾಲಿಯಾಗಿ ಮಾಡಿಸಿ. ಆ ಆಯ್ಕೆ ಇಲ್ಲದಿದ್ದರೆ ಸಾಫ್ಟ್‌ವೇರ್ ಕೊಟ್ಟವರಿಂದ ಖಾಲಿ ಫೈಲು ತರಿಸಿಕೊಳ್ಳಿ. ಜಾತಿ, ಧರ್ಮ, ವಿಷಯಗಳ ಪಟ್ಟಿ ಬೇಕಾದರೆ ಹಳೆಯದರಿಂದ ತನ್ನಿ, ಮಕ್ಕಳನ್ನೂ ರಸೀದಿಗಳನ್ನೂ ತರಬೇಡಿ. 11 ಅಂಕಿಯ ಯುಡೈಸ್ ಸಂಖ್ಯೆ ಮಹಾರಾಷ್ಟ್ರದಲ್ಲಿ 27ರಿಂದ ಶುರುವಾಗುತ್ತದೆ. ಒಂದೇ ಕಡೆಯ ಶಾಲೆಗಳಿಗೆ ಮುಂದಿನ ಅಂಕಿಗಳೂ ಹೊಂದಿಕೊಳ್ಳುವುದರಿಂದ ಕೊನೆಯ 2 ಅಂಕಿಯನ್ನು ಎರಡೆರಡು ಸಲ ನೋಡಿ. ಜಿ.ಆರ್. ನಂಬರ್ ಆಯಾ ಶಾಲೆಯ ಕೈಬರಹದ ರಿಜಿಸ್ಟರಿನಲ್ಲಿ ನಿಂತಲ್ಲಿಂದಲೇ ಮುಂದುವರಿಯಲಿ. ಇಲ್ಲಿ ತಪ್ಪಿದರೆ ನಾಳೆ ಮಗುವಿನ ಎಲ್.ಸಿ.ಯಲ್ಲೂ (ಶಾಲೆ ಬಿಟ್ಟ ಪ್ರಮಾಣಪತ್ರದಲ್ಲೂ) ತಪ್ಪು ನಂಬರೇ ಅಚ್ಚಾಗುತ್ತದೆ, ತಿದ್ದಿಸಲು ಪೋಷಕರು ಅಲೆಯಬೇಕಾಗುತ್ತದೆ. ರಸೀದಿ ನಂಬರಿಗೆ ಮುಂದೆ ಕ, ಇಂ, ರಾ ಎಂಬಂಥ ಗುರುತು ಹಾಕಿದರೆ ಆಡಿಟ್‌ನಲ್ಲಿ ಗೊಂದಲವಿಲ್ಲ.

ಡೆಸ್ಕ್‌ಟಾಪಿನಲ್ಲಿ ಮೂರು ಶಾರ್ಟ್‌ಕಟ್ ಇಟ್ಟು, ಒಂದೊಂದಕ್ಕೂ ಅದರದೇ ಡೇಟಾ ಫೋಲ್ಡರಿನ ದಾರಿ (ಪಾತ್) ಕೊಡಿ. ಸಾಫ್ಟ್‌ವೇರಿನ ಹಿನ್ನೆಲೆ ಬಣ್ಣ ಬದಲಿಸಲು ಬಂದರೆ ಮೂರಕ್ಕೆ ಮೂರು ಬಣ್ಣ ಹಾಕಿ. ಜೂನ್ ಪ್ರವೇಶದ ನೂಕುನುಗ್ಗಲಲ್ಲಿ ಅಕ್ಷರಕ್ಕಿಂತ ಬಣ್ಣವೇ ಬೇಗ ಕಣ್ಣಿಗೆ ಬೀಳುತ್ತದೆ. ಹಂಚಿಕೊಂಡ ಫೋಲ್ಡರಾದರೆ ರಾತ್ರಿ ಶಾಲೆಯವರ ಲಾಗಿನ್‌ಗೆ ಅವರ ಫೋಲ್ಡರಿನ ಅನುಮತಿ ಮಾತ್ರ ಸಾಕು.

ಪ್ರಶ್ನೆ: ಬ್ಯಾಕಪ್ ಪೆನ್ ಡ್ರೈವಿಗೆ ಹೋಗುತ್ತಿಲ್ಲ, ಜಾಗ ಬೇಕಾದಷ್ಟಿದೆ.
– ಓದುಗರು, ಗೋರೆಗಾಂವ್

ಉತ್ತರ: ಫೈಲು 4 ಜಿಬಿ ದಾಟಿರಬೇಕು. ಫ್ಯಾಟ್32 ಎಂಬ ಹಳೆಯ ವಿಧಾನದಲ್ಲಿ ಫಾರ್ಮ್ಯಾಟ್ ಆದ ಪೆನ್ ಡ್ರೈವ್ ಅಷ್ಟು ದೊಡ್ಡ ಫೈಲನ್ನು ತೆಗೆದುಕೊಳ್ಳದು. ಫಾರ್ಮ್ಯಾಟ್ ಮಾಡಿದರೆ ಎಲ್ಲ ಅಳಿಯುತ್ತದೆ; ಅದರಲ್ಲಿರುವುದನ್ನು ಬೇರೆಡೆ ಇಟ್ಟು, ದೊಡ್ಡ ಫೈಲು ಹಿಡಿಸುವ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಎಲ್ಲರೂ ಸಾಫ್ಟ್‌ವೇರ್ ಮುಚ್ಚಿದ ಮೇಲೆಯೇ ಕಾಪಿ ಮಾಡಬೇಕು. ತೆರೆದ ಫೈಲಿನ ಕಾಪಿ ಅರ್ಧಂಬರ್ಧ ಆಗಿರಬಹುದು, ಬೇಕಾದಾಗ ತೆರೆಯದೆ ಹೋಗಬಹುದು. ಪ್ರತಿ ಬ್ಯಾಕಪ್ ಹೆಸರಿನಲ್ಲೂ ಶಾಲೆ, ದಿನಾಂಕ ಎರಡೂ ಇರಲಿ. ಕಂಪ್ಯೂಟರ್ ನೆಲಮಹಡಿಯಲ್ಲಿದ್ದರೆ ಡಿಸ್ಕನ್ನು ಮೇಲಿನ ಮಹಡಿಯ ಕಪಾಟಿನಲ್ಲಿಡಿ. 2005ರ ಜುಲೈ 26ರ ನೀರು ಮುಂಬಯಿಯಲ್ಲಿ ಯಾರಿಗೂ ಮರೆಯುವಂಥದ್ದಲ್ಲ. ತಿಂಗಳಿಗೊಮ್ಮೆ ಒಂದು ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ಕೊನೆಯ ರಸೀದಿ ನಂಬರನ್ನು ರಸೀದಿ ಪುಸ್ತಕದ ಜೊತೆ ತಾಳೆ ನೋಡಿ.